ಹೋಮ್ ಲೋನ್: ಮಾವ ಫಿಕ್ಸೆಡ್ ಅಂತಾರೆ, ಬ್ಯಾಂಕಿನವರು ಫ್ಲೋಟಿಂಗ್ ಅಂತಾರೆ. ತೋಟದ ಮನೆಯವರಿಗೆ ಯಾವುದು?

ನಾಪೋಕ್ಲು ಕಡೆಯವಳು

ಎಲ್ಲರಿಗೂ ನಮಸ್ಕಾರ. ಕುಶಾಲನಗರದಲ್ಲಿ ಒಂದು ಮನೆ ನೋಡಿದ್ದೇವೆ. 30-40 ಸೈಟು, ಕಟ್ಟಿ ಆರು ವರ್ಷ ಆಗಿದೆ. 46 ಲಕ್ಷಕ್ಕೆ ಮಾತು ಮುಗಿದಿದೆ. ಕೈಯಿಂದ 16 ಹಾಕಿ, ಉಳಿದ 30 ಲಕ್ಷ ಸಾಲ ಮಾಡಬೇಕು. ಅವಧಿ 20 ವರ್ಷ.

ಊರಲ್ಲೇ ಜಾಗ ಇದೆಯಲ್ಲ, ಅಲ್ಲೇ ಕಟ್ಟಬಹುದಿತ್ತಲ್ಲ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಜಮ್ಮಾ ಬಾಣೆ, ಕೊಡಗಿನ ಹಳೇ ವಂಶಪಾರಂಪರ್ಯದ ಹಿಡುವಳಿ. ಆರ್‌ಟಿಸಿಯಲ್ಲಿ ಇಡೀ ಒಕ್ಕದವರ, ಅಂದರೆ ಮನೆತನದವರೆಲ್ಲರ ಹೆಸರಿದೆ. ಎರಡು ಕಡೆ ಪೇಪರ್ ತೋರಿಸಿದೆವು. ನೋಡಿ, ಹಾಗೇ ಮಡಚಿ ವಾಪಸ್ ಕೊಟ್ಟರು. ಅದರ ಬಗ್ಗೆ ಇಲ್ಲಿ ಬೇಡ, ಅದು ಶುರುವಾದರೆ ಮುಗಿಯುವುದಿಲ್ಲ.

ನನ್ನದು ಟೀಚರ್ ಕೆಲಸ, ತಿಂಗಳ ಸಂಬಳ. ಮನೆಯವರದ್ದು ನಾಲ್ಕು ಎಕರೆ ರೋಬಸ್ಟಾ, ಜೊತೆಗೆ ಸ್ವಲ್ಪ ಮೆಣಸು. ಆ ದುಡ್ಡು ಬರುವುದು ವರ್ಷಕ್ಕೊಂದೇ ಸಲ. ಈಗ ಕೊಯ್ಲು ನಡೀತಾ ಇದೆ, ಚೆರಿ ಇನ್ನೂ ಕಣದಲ್ಲಿದೆ.

ಎರಡು ಆಫರ್ ಇವೆ. ಬ್ಯಾಂಕಿನಲ್ಲಿ ಫ್ಲೋಟಿಂಗ್, ಅಂದರೆ ಏರಿಳಿಯುವ ದರ, ಶೇ 7.75, ಇಎಂಐ (ತಿಂಗಳ ಕಂತು) 24,628. ಒಂದು ಹೌಸಿಂಗ್ ಫೈನಾನ್ಸ್‌ನಲ್ಲಿ ಫಿಕ್ಸೆಡ್ ಶೇ 9.5, ಇಎಂಐ 27,964. ಮೊದಲ ಐದು ವರ್ಷ ದರ ಅಲ್ಲಾಡುವುದಿಲ್ಲ, ಆಮೇಲೆ ಆಗಿನ ಫ್ಲೋಟಿಂಗ್ ದರಕ್ಕೆ ಹೋಗುತ್ತದಂತೆ.

ಮಾವ ಫಿಕ್ಸೆಡ್ಡೇ ಬೇಕು ಅಂತ ಕೂತಿದ್ದಾರೆ. 2001-02ರಲ್ಲಿ ಕಾಫಿ ದರ ನೆಲ ಕಚ್ಚಿದಾಗ ಸಾಲದ ಬಡ್ಡಿ ಬೆಳೆದಿದ್ದನ್ನು ಕಂಡವರು. "ಎಷ್ಟು ಕಟ್ಟಬೇಕು ಅಂತ ಗೊತ್ತಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತದೆ" ಅನ್ನುತ್ತಾರೆ. ಅವರ ಮಾತು ತಳ್ಳಿಹಾಕಲು ನನಗೂ ಮನಸ್ಸಿಲ್ಲ. ಗೊತ್ತಿರುವವರು ಹೇಳಿ.

ಬೆಂಗಳೂರಲ್ಲಿರೋ ಮಡಿಕೇರಿಯವ

ಅಕ್ಕ, ಫ್ಲೋಟಿಂಗ್ ತಗೊಳ್ಳಿ, ಆದರೆ ಕಣ್ಣುಮುಚ್ಚಿ ತಗೋಬೇಡಿ. ನನ್ನ ಕಥೆ ಕೇಳಿ.

2022ರ ಫೆಬ್ರವರಿಯಲ್ಲಿ 30 ಲಕ್ಷ ತಗೊಂಡೆ. ದರ ಶೇ 6.75, ಇಎಂಐ 22,811. ಆಗ ರೆಪೋ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ 4. ಇಷ್ಟು ಕಡಿಮೆ ಬಡ್ಡಿ ಯಾವತ್ತೂ ಬಂದಿಲ್ಲ ಅಂತ ಆಫೀಸಲ್ಲಿ ಎಲ್ಲರೂ ಮನೆ ತಗೊಳ್ಳುವವರೇ. ಮೇ 4ಕ್ಕೆ ಆರ್‌ಬಿಐ ದಿಢೀರನೆ 0.40 ಏರಿಸಿತು. ಆಮೇಲೆ ನಿಲ್ಲಲೇ ಇಲ್ಲ. ಮುಂದಿನ ಫೆಬ್ರವರಿಗೆ ರೆಪೋ 6.50. ನನ್ನ ದರ 9.25 ಆಗಿ ಕೂತಿತ್ತು.

ತಮಾಷೆ ಏನೆಂದರೆ ನನ್ನ ಇಎಂಐ ಬದಲಾಗಿರಲಿಲ್ಲ. ತಿಂಗಳು ತಿಂಗಳು ಅದೇ 22,811. ನಾನು ಹಾಯಾಗಿದ್ದೆ. ಒಂದು ದಿನ ಸುಮ್ನೆ ಆ್ಯಪ್ ತೆಗೆದು ನೋಡಿದೆ. ಬಾಕಿ 29 ಲಕ್ಷ 40 ಸಾವಿರದ ಹತ್ತಿರ. ಅದಕ್ಕೆ 9.25ರಲ್ಲಿ ಒಂದು ತಿಂಗಳ ಬಡ್ಡಿಯೇ 22,662. ಅಂದರೆ ಅಸಲಿಗೆ ಹೋಗುತ್ತಿದ್ದದ್ದು ನೂರೈವತ್ತು ರೂಪಾಯಿ! ಹಾಗೇ ಬಿಟ್ಟಿದ್ದರೆ ಸಾಲ ತೀರಲು 50 ವರ್ಷ ದಾಟುತ್ತಿತ್ತು. ನಾನು ತೀರಿಕೊಂಡ ಮೇಲೂ ಕಂತು ಕಟ್ಟಬೇಕಿತ್ತು.

ಓಡಿ ಹೋಗಿ ಇಎಂಐ 27,400ಕ್ಕೆ ಏರಿಸಿಕೊಂಡೆ. ತಿಂಗಳಿಗೆ 4,600 ಜಾಸ್ತಿ. ಒಂದೇ ವರ್ಷದಲ್ಲಿ.

ಸೋಮವಾರಪೇಟೆ ಶುಂಠಿ

ಇದನ್ನು ಓದಿದ ಮೇಲೂ ಫ್ಲೋಟಿಂಗ್ ಅನ್ನುತ್ತೀರಲ್ಲ! ಮಾವನವರು ಹೇಳಿದ್ದೇ ಸರಿ.

ಬ್ಯಾಂಕಿನಲ್ಲಿದ್ದವ

ಮೂವತ್ತು ವರ್ಷ ಕೌಂಟರಿನ ಆ ಕಡೆ ಕೂತವನು. ಈಗ ಗೋಣಿಕೊಪ್ಪದ ಹತ್ತಿರ ಕಾಫಿಗೆ ನೀರು ಬಿಟ್ಟುಕೊಂಡು ಇದ್ದೇನೆ.

ಟೀಚರ್, ನಿಮ್ಮ ಎರಡನೇ ಆಫರ್ ಫಿಕ್ಸೆಡ್ ಅಲ್ಲ. ಐದು ವರ್ಷ ಮಾತ್ರ ಫಿಕ್ಸೆಡ್. ಉಳಿದ 15 ವರ್ಷ ಅದೂ ಫ್ಲೋಟಿಂಗೇ. ಅದೂ ಹೌಸಿಂಗ್ ಫೈನಾನ್ಸಿನ ಫ್ಲೋಟಿಂಗ್. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹಸಾಲವನ್ನು ರೆಪೋದಂಥ ಹೊರಗಿನ ದರಕ್ಕೆ ಕಟ್ಟಲೇಬೇಕು. ಮೂರು ತಿಂಗಳಿಗೊಮ್ಮೆಯಾದರೂ ದರ ಸರಿಮಾಡಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟಳೆ ಇಲ್ಲ. ಅವರದ್ದೇ ಒಂದು ದರ ಇಟ್ಟುಕೊಂಡಿರುತ್ತಾರೆ. ಏರುವಾಗ ಬೇಗ ಏರಿ, ಇಳಿಯುವಾಗ ಕುಂಟಿದರೆ ಕೇಳುವಂತಿಲ್ಲ. ಆರನೇ ವರ್ಷ ನೀವು ಬೀಳುವುದು ಅದರೊಳಗೆ.

ಇನ್ನು ಲೆಕ್ಕ. ಎರಡು ಇಎಂಐ ನಡುವೆ ತಿಂಗಳಿಗೆ 3,336 ವ್ಯತ್ಯಾಸ. ಐದು ವರ್ಷಕ್ಕೆ ಸರಿಸುಮಾರು 2 ಲಕ್ಷ. ಅಲ್ಲಿಗೆ ಮುಗಿಯಲಿಲ್ಲ. ಬಡ್ಡಿ ಜಾಸ್ತಿ ಇದ್ದಾಗ ಅಸಲು ನಿಧಾನ ಕರಗುತ್ತದೆ. ದರ ಈಗಿನಂತೆಯೇ ಇದ್ದರೆ ಐದು ವರ್ಷದ ಕೊನೆಗೆ ಫ್ಲೋಟಿಂಗ್‌ನಲ್ಲಿ ಬಾಕಿ 26 ಲಕ್ಷ 16 ಸಾವಿರ, ಫಿಕ್ಸೆಡ್‌ನಲ್ಲಿ 26 ಲಕ್ಷ 78 ಸಾವಿರ. ಎರಡೂ ಸೇರಿ ಎರಡೂವರೆ ಲಕ್ಷ ದಾಟಿತು. ಮಾವನವರ ನಿದ್ದೆಗೆ ಇದು ಬೆಲೆ. ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಎಷ್ಟು ಅಂತ ತಿಳಿದು ಕೊಡಿ.

ಬೆಂಗಳೂರಿನ ತಮ್ಮ ಹೇಳಿದ್ದು ಪೂರ್ತಿ ನಿಜ. ಆದರೆ ಅವನು ಹತ್ತಿದ್ದು ಗುಂಡಿಯ ತಳದಲ್ಲಿ. ರೆಪೋ 4 ಇದ್ದಾಗ ಮೇಲೆ ಹೋಗುವುದಷ್ಟೇ ಬಾಕಿ. 2025ರಲ್ಲಿ ಫೆಬ್ರವರಿ, ಏಪ್ರಿಲ್, ಜೂನ್, ಡಿಸೆಂಬರ್ ಹೀಗೆ ನಾಲ್ಕು ಸಲ ಇಳಿದು ರೆಪೋ 6.50ರಿಂದ 5.25ಕ್ಕೆ ಬಂತು. ಇನ್ನೂ ಇಳಿಯುತ್ತದೋ ಏರುತ್ತದೋ ಅಂತ ನನ್ನನ್ನು ಕೇಳಬೇಡಿ. ಕೆಲಸದಲ್ಲಿದ್ದಾಗಲೂ ನಾನು ಹೇಳಿದ್ದು ಸರಿಯಾಗಿದ್ದು ಕಡಿಮೆ.

ಮಾಜಿ ಸುಬೇದಾರ್

ತಂಗಿ, ಫಿಕ್ಸೆಡ್ ಎಂಬ ಹೆಸರಿಗೆ ಮರುಳಾಗಬೇಡ. ನಾನು 2006ರಲ್ಲಿ ವಿರಾಜಪೇಟೆಯಲ್ಲಿ ಮನೆ ಕಟ್ಟಲು ಸಾಲ ತೆಗೆದೆ. ಫಾರಂ ಮೇಲೆ ದಪ್ಪ ಅಕ್ಷರದಲ್ಲಿ ಫಿಕ್ಸೆಡ್ ಅಂತ ಇತ್ತು. ಆಗ ನಾನು ರಾಜಸ್ಥಾನದಲ್ಲಿ ಪೋಸ್ಟಿಂಗ್. ರಜೆಯಲ್ಲಿ ಬಂದು ಅವರು ಬೆರಳಿಟ್ಟಲ್ಲೆಲ್ಲ ಸೈನ್ ಹಾಕಿ ರೈಲು ಹತ್ತಿದೆ. 2008ರಲ್ಲಿ ರೆಪೋ ಶೇ 9ಕ್ಕೆ ಹೋಯಿತು ನೋಡು, ಆ ವರ್ಷ ಮನೆಗೆ ಪತ್ರ ಬಂತು: ನಿಮ್ಮ ದರ ಏರಿಸಲಾಗಿದೆ.

ಜಗಳಕ್ಕೆ ಹೋದೆ. ಒಳಗಿನ ಹಾಳೆ ತೆಗೆದು ತೋರಿಸಿದರು. ಹಣದ ಮಾರುಕಟ್ಟೆಯಲ್ಲಿ ಅಸಾಧಾರಣ ಬದಲಾವಣೆ ಆದರೆ ದರ ಬದಲಿಸುವ ಹಕ್ಕು ಅವರದ್ದು ಅಂತ ಇತ್ತು. ಕೆಳಗೆ ನನ್ನದೇ ಸೈನು. ಏನು ಹೇಳಲಿ?

ಯಾವ ಸಂಸ್ಥೆ ಅಂತ ಕೇಳಬೇಡಿ, ಹೇಳುವುದಿಲ್ಲ.

ಬ್ಯಾಂಕಿನಲ್ಲಿದ್ದವ

ಸುಬೇದಾರರೇ, ಆ ಕಾಲದ ಬಹಳ ಫಿಕ್ಸೆಡ್ ಸಾಲಗಳಲ್ಲಿ ಆ ಸಾಲು ಇತ್ತು. ಈಗ ಒಂದು ಅನುಕೂಲ ಆಗಿದೆ. 2024ರ ಅಕ್ಟೋಬರ್‌ನಿಂದ ಎಲ್ಲಾ ಹೊಸ ರಿಟೇಲ್ ಸಾಲಕ್ಕೂ ಸೈನ್ ಹಾಕುವ ಮೊದಲು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಕೆಎಫ್‌ಎಸ್ ಅಂತಾರೆ. ದರ ಫಿಕ್ಸೆಡ್ಡೋ ಫ್ಲೋಟಿಂಗೋ, ಯಾವಾಗ ಬದಲಾಗುತ್ತದೆ, ಎಲ್ಲಾ ಖರ್ಚು ಸೇರಿ ವರ್ಷಕ್ಕೆ ನಿಜವಾದ ದರ ಎಷ್ಟು, ಮೊದಲೇ ತೀರಿಸಿದರೆ ಏನು ಚಾರ್ಜ್, ಎಲ್ಲಾ ಅದರಲ್ಲಿರುತ್ತದೆ. ಎರಡೂ ಕಡೆಯ ಕೆಎಫ್‌ಎಸ್ ಕೇಳಿ ತಂದು ಅಡಿಗೆಮನೆ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಓದಿ. ಏಜೆಂಟ್ ಹೇಳಿದ್ದನ್ನೆಲ್ಲ ಮರೆತುಬಿಡಿ.

ಬೆಟ್ಟದ ಮನೆ

ಎಲ್ಲರೂ ದರ ದರ ಅಂತ ಹೊಡೆದಾಡುತ್ತಿದ್ದೀರಿ. ತೋಟದವರಿಗೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಮಾರ್ಚಿಯಲ್ಲಿ ಕಾಫಿ ಮಾರಿದ ದುಡ್ಡು ಬಂದಾಗ ಅದನ್ನು ಸಾಲಕ್ಕೆ ತುಂಬಬಹುದಾ, ಯಾರ ಅಪ್ಪಣೆಯೂ ಇಲ್ಲದೆ?

ಫ್ಲೋಟಿಂಗ್‌ನಲ್ಲಿ ತುಂಬಬಹುದು. ಸ್ವಂತಕ್ಕೆ ತೆಗೆದ ಫ್ಲೋಟಿಂಗ್ ಗೃಹಸಾಲಕ್ಕೆ ಮೊದಲೇ ಕಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ ಅಂತ ಆರ್‌ಬಿಐ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಫಿಕ್ಸೆಡ್‌ಗೆ ಆ ರಕ್ಷಣೆ ಹಾಗೇ ಸಿಗುವುದಿಲ್ಲ. ಕೆಲವರು ಶೇ 2 ಕೇಳುತ್ತಾರೆ, ಕೆಲವರು ವರ್ಷಕ್ಕೆ ಇಷ್ಟೇ ಅಂತ ಮಿತಿ ಹಾಕುತ್ತಾರೆ.

ನಿಮ್ಮ ಲೆಕ್ಕಕ್ಕೇ ಹಾಕಿ ನೋಡಿದೆ. 30 ಲಕ್ಷ, ಶೇ 7.75, 20 ವರ್ಷ. ಇಎಂಐ ಜೊತೆಗೆ ವರ್ಷಕ್ಕೊಂದು ಸಲ 1 ಲಕ್ಷ ಅಸಲಿಗೆ ಹಾಕುತ್ತಾ ಹೋದರೆ ಸಾಲ 11 ವರ್ಷ 10-11 ತಿಂಗಳಿಗೆ ಮುಗಿಯುತ್ತದೆ. ಬಡ್ಡಿಯಲ್ಲಿ ಉಳಿಯುವುದು ಸುಮಾರು 13 ಲಕ್ಷ. ಫಿಕ್ಸೆಡ್-ಫ್ಲೋಟಿಂಗ್ ನಡುವಿನ ಜಗಳ ಎರಡೂವರೆ ಲಕ್ಷದ್ದು. ಇದು 13 ಲಕ್ಷದ್ದು.

ಬೆಂಗಳೂರಲ್ಲಿರೋ ಮಡಿಕೇರಿಯವ

ಒಂದು ತಕರಾರು ಅಣ್ಣ. 1 ಲಕ್ಷಕ್ಕೆ ಶೇ 2 ದಂಡ ಅಂದರೆ 2 ಸಾವಿರ ಅಷ್ಟೇ. ಅದಕ್ಕೆ ಹೆದರಿ ಫಿಕ್ಸೆಡ್ ಬಿಡಬೇಕಾ?

ಬೆಟ್ಟದ ಮನೆ

ಸರಿ, ಒಪ್ಪಿದೆ. 2 ಸಾವಿರ ದೊಡ್ಡದಲ್ಲ. ನಾನು ಅದನ್ನು ಜಾಸ್ತಿ ಮಾಡಿ ಹೇಳಿದೆ.

ಬಿಸಿ ತಟ್ಟುವುದು ಇನ್ನೊಂದು ಕಡೆ. ಎರಡು ವರ್ಷ ಬಿಟ್ಟು ದರ ಇನ್ನೂ ಇಳಿಯಿತು, ಬೇರೆ ಬ್ಯಾಂಕಿಗೆ ಸಾಲ ವರ್ಗ ಮಾಡೋಣ ಅಂದುಕೊಂಡಿರಿ ಅಂತಿಟ್ಟುಕೊಳ್ಳಿ. ಆಗ ಪೂರ್ತಿ ಬಾಕಿಯ ಮೇಲೆ ಶೇ 2. 29 ಲಕ್ಷಕ್ಕೆ 58 ಸಾವಿರ. ಮತ್ತೆ ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀ, ಲೀಗಲ್ ಒಪಿನಿಯನ್, ಹಳೇ ಪೇಪರ್ ಹುಡುಕಾಟ. ಫಿಕ್ಸೆಡ್ ತಗೊಂಡವರು ಅಲ್ಲೇ ಕೂತುಬಿಡುವುದು ಅದಕ್ಕೇ.

ಇನ್ನೊಂದು ಹೇಳಬೇಕು. ಓವರ್‌ಡ್ರಾಫ್ಟ್ ಥರದ ಹೋಮ್ ಲೋನ್ ಕೇಳಿದ್ದೀರಾ? ಕೆಲವು ಬ್ಯಾಂಕಿನಲ್ಲಿದೆ. ಸಾಲಕ್ಕೆ ಒಂದು ಖಾತೆ ಅಂಟಿಕೊಂಡಿರುತ್ತದೆ. ಅದರಲ್ಲಿ ದುಡ್ಡು ಇಟ್ಟಷ್ಟು ದಿನ ಅಷ್ಟು ಮೊತ್ತಕ್ಕೆ ಬಡ್ಡಿ ಇಲ್ಲ. ಬೇಕಾದಾಗ ತೆಗೆಯಬಹುದು. ನನ್ನದು ಅದೇ. ಕಾಫಿ ಮಾರಿದ ತಕ್ಷಣ 3 ಲಕ್ಷ ಅದಕ್ಕೆ ಹಾಕುತ್ತೇನೆ. ಗೊಬ್ಬರ, ಕಳೆ, ಮರಗಸಿ, ಆಳಿನ ಬಟವಾಡೆ ಅಂತ ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪ ತೆಗೆಯುತ್ತೇನೆ. 3 ಲಕ್ಷ ಐದು ತಿಂಗಳು ಕೂತರೂ 7.75ರಲ್ಲಿ ಒಂಬತ್ತು ಸಾವಿರದ ಆರುನೂರು ಚಿಲ್ಲರೆ ಬಡ್ಡಿ ಉಳಿಯಿತು. ದರ ಸಾದಾ ಸಾಲಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ, ಅದನ್ನು ಕೇಳಿಕೊಳ್ಳಿ. ಮತ್ತೆ ಕೈ ಬಿಗಿ ಇಲ್ಲದವರಿಗೆ ಇದು ಬೇಡ. ಖಾತೆಯಲ್ಲಿ ದುಡ್ಡು ಕಂಡರೆ ಜೀಪಿನ ಶೋರೂಮಿಗೆ ಹೋಗುವವರು ನಮ್ಮಲ್ಲಿ ಕಡಿಮೆ ಇಲ್ಲ.

ಸೋಮವಾರಪೇಟೆ ಶುಂಠಿ

ಎಲ್ಲಾ ಸರಿ ಸ್ವಾಮಿ. ಕಾಫಿ ದರ ಎರಡು ಮೂರು ವರ್ಷದಿಂದ ಚೆನ್ನಾಗಿದೆ ಅಂತ ಹೀಗೆ ಮಾತಾಡುತ್ತಿದ್ದೀರಿ. ಹೂಮಳೆ ಕೈಕೊಟ್ಟ ವರ್ಷ 1 ಲಕ್ಷ ಎಲ್ಲಿಂದ ಬರುತ್ತದೆ? ನಾನು ಶುಂಠಿ ಹಾಕಿ ಒಂದು ವರ್ಷ ಕಾರು ತಗೊಂಡೆ, ಮರುವರ್ಷ ಅದೇ ಕಾರು ಮಾರಿದೆ. ಅಂಥವನಿಗೆ ಫಿಕ್ಸೆಡ್ಡೇ ಸರಿ.

ಬ್ಯಾಂಕಿನಲ್ಲಿದ್ದವ

ಬೆಳೆ ಹೋದ ವರ್ಷ ಫಿಕ್ಸೆಡ್ ಇಎಂಐ ಕೂಡ ಕಟ್ಟಲೇಬೇಕಲ್ಲ? ಅದೂ ನಿಮಗೆ ಮೂರು ಸಾವಿರ ಜಾಸ್ತಿಯೇ. ಬೆಳೆ ನಂಬಿ ಇಎಂಐ ಒಪ್ಪಿಕೊಳ್ಳಬೇಡಿ ಅಂತ ನಾನು ಸಾಲಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದೆ. ಸಂಬಳದ್ದು ಇಎಂಐಗೆ, ತೋಟದ್ದು ಅಸಲಿಗೆ. ತೋಟ ಕೊಡದ ವರ್ಷ ಅಸಲಿಗೆ ಹಾಕಬೇಡಿ, ಯಾರೂ ಕೇಳುವುದಿಲ್ಲ.

ಟೀಚರ್ ನೋಡಿಕೊಳ್ಳಬೇಕಾದ್ದು ಒಂದೇ. 2022-23ರ ಥರ ಮತ್ತೆ ಎರಡೂವರೆ ಪರ್ಸೆಂಟ್ ಏರಿ, 7.75 ಇದ್ದದ್ದು 10.25 ಆದರೆ ಇಎಂಐ 29,449. ನಿಮ್ಮ ಸಂಬಳದಲ್ಲಿ ಅಷ್ಟು ಹೋದ ಮೇಲೂ ಮನೆ ನಡೆಯುತ್ತದಾ? ನಡೆಯುತ್ತದೆ ಅಂದರೆ ಫ್ಲೋಟಿಂಗ್‌ಗೆ ಹೆದರಬೇಕಿಲ್ಲ. ನಡೆಯುವುದಿಲ್ಲ ಅಂದರೆ 30 ಲಕ್ಷವೇ ಜಾಸ್ತಿ ಆಯಿತು.

ಕುಶಾಲನಗರ ಹೊಸಬ

ವಿಷಯ ಸ್ವಲ್ಪ ಬೇರೆ. ಮನೆ ಯಾವ ಬಡಾವಣೆಯಲ್ಲಿ? 2018, 2019 ಎರಡು ವರ್ಷವೂ ಕಾವೇರಿ ನೀರು ಇಲ್ಲಿನ ಬಡಾವಣೆಗಳಿಗೆ ನುಗ್ಗಿತ್ತು. ಮನೆ ಕಟ್ಟಿ ಆರು ವರ್ಷ ಅಂದರೆ ಅದಾದ ಮೇಲೆ ಕಟ್ಟಿದ್ದು. ಗೋಡೆಯಲ್ಲಿ ನೀರಿನ ಗುರುತು ಇರುವುದಿಲ್ಲ. ಪಕ್ಕದ ಹಳೇ ಮನೆಯವರನ್ನು ಕೇಳಿ. ಸಾಲ 20 ವರ್ಷ ಇರುತ್ತದೆ, ಮನೆಗೂ ವಿಮೆ ಮಾಡಿಸಿ.

ನಾಪೋಕ್ಲು ಕಡೆಯವಳು

ಕೇಳಿದ್ದೇವೆ ಸರ್. ರಸ್ತೆಗಿಂತ ಎತ್ತರದಲ್ಲಿದೆ. ಎದುರು ಸಾಲಿನ ಅಜ್ಜಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೋಲು ಹಿಡಿದು ತೋರಿಸಿದರು. ಥ್ಯಾಂಕ್ಸ್.

ನಿನ್ನೆ ರಾತ್ರಿ ಇದನ್ನೆಲ್ಲ ಮಾವನಿಗೆ ಓದಿ ಹೇಳಿದೆ. ಸುಬೇದಾರರ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಬ್ಯಾಂಕಿನವರು ಕಮ್ಮಿ ಬಡ್ಡಿ ಹಾಕಲಿ. ನಾವು ಆ ಇನ್ನೊಬ್ಬರು ಹೇಳಿದ 27,964 ಅನ್ನೇ ಕಟ್ಟಿದರೆ ಬೇಡ ಅಂತಾರಾ?" ನನಗೆ ಉತ್ತರ ಗೊತ್ತಾಗಲಿಲ್ಲ. ಹಾಗೆ ಮಾಡಬಹುದಾ?

ಬ್ಯಾಂಕಿನಲ್ಲಿದ್ದವ

ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ಹೇಳಿ. ಇಷ್ಟು ಹೊತ್ತು ನಾವೆಲ್ಲ ಬರೆದದ್ದಕ್ಕಿಂತ ಆ ಪ್ರಶ್ನೆ ಚೆನ್ನಾಗಿದೆ.

ಧಾರಾಳ ಮಾಡಬಹುದು. 7.75ರ ಸಾಲಕ್ಕೆ ತಿಂಗಳಿಗೆ 27,964 ಕಟ್ಟಿದರೆ 20 ವರ್ಷದ್ದು 15 ವರ್ಷ 4 ತಿಂಗಳಿಗೆ ತೀರುತ್ತದೆ. ತೋಟದ ದುಡ್ಡು ಒಂದು ರೂಪಾಯಿ ಹಾಕದೆ. ಮುಂದೆ ದರ ಏರಿ 9.5 ಆದರೂ ನಿಮ್ಮ ಕೈಯಿಂದ ಹೋಗುವುದು ಅಷ್ಟೇ. ಮನೆ ಖರ್ಚಿಗೆ ಆಗಲೇ ಆ ಲೆಕ್ಕ ಒಗ್ಗಿರುತ್ತದೆ.

ಆದರೆ ಅವಧಿಯನ್ನು ಪೇಪರಿನಲ್ಲಿ 15 ವರ್ಷ ಅಂತ ಬರೆಸಬೇಡಿ. ಬರೆಸಿದರೆ ಆ ಕಂತು ಕಡ್ಡಾಯ ಆಗುತ್ತದೆ. ಪೇಪರಿನಲ್ಲಿ 20 ವರ್ಷ, 24,628 ಇರಲಿ. ಮೇಲಿನ 3,336 ಪಾರ್ಟ್ ಪೇಮೆಂಟ್ ಅಂತ ನೀವೇ ಹಾಕಿ. ಯಾರಿಗಾದರೂ ಹುಷಾರಿಲ್ಲದ ತಿಂಗಳು ಅಥವಾ ಮಕ್ಕಳ ಶಾಲೆ ಫೀ ತಿಂಗಳು ನಿಲ್ಲಿಸಬಹುದು. ತಿಂಗಳು ತಿಂಗಳು ಅಷ್ಟು ಸಣ್ಣ ಮೊತ್ತ ಅಸಲಿಗೆ ಹಾಕಲು ಕೆಲವು ಬ್ಯಾಂಕಿನ ಆ್ಯಪ್ ಬಿಡುವುದಿಲ್ಲ, ಕಡಿಮೆ ಎಂದರೆ ಇಷ್ಟು ಅಂತ ಮಿತಿ ಇರುತ್ತದೆ. ಮೊದಲೇ ಕೇಳಿ. ಮಿತಿ ಇದ್ದರೆ ಮೂರು ತಿಂಗಳದ್ದು ಸೇರಿಸಿ ಹಾಕಿದರಾಯಿತು.

ಹಾಕಿದ ಮೇಲೆ "ಅವಧಿ ಕಡಿಮೆ ಮಾಡಿ, ಇಎಂಐ ಹಾಗೇ ಇರಲಿ" ಅಂತ ಬರೆದು ಕೊಡಿ. ಇಲ್ಲದಿದ್ದರೆ ಕೆಲವೊಮ್ಮೆ ಇಎಂಐ ಇಳಿಸಿ 20 ವರ್ಷವನ್ನು ಹಾಗೇ ಬಿಡುತ್ತಾರೆ.

ಮಾಜಿ ಸುಬೇದಾರ್

ಮುಂದೆ ದರ ವಿಪರೀತ ಏರಿದರೆ ಆಗ ಫಿಕ್ಸೆಡ್‌ಗೆ ಬದಲಾಯಿಸಬಹುದು ಅಂತ ಎಲ್ಲೋ ಓದಿದ ನೆನಪು.

ಬ್ಯಾಂಕಿನಲ್ಲಿದ್ದವ

ಓದಿದ್ದು ಸರಿ, ಅದು ಹಳೇದಾಯಿತು. 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಆ ಆಯ್ಕೆ ಕೊಡಿ ಅಂದಿತ್ತು. 2025ರ ಅಕ್ಟೋಬರ್‌ನಿಂದ ಅದನ್ನು ಬ್ಯಾಂಕಿನ ಇಷ್ಟಕ್ಕೆ ಬಿಟ್ಟಿದೆ. ಹಾಗಾಗಿ ನಂಬಿಕೊಂಡು ಕೂರುವಂತಿಲ್ಲ. ಉಳಿದದ್ದು ಹಾಗೇ ಇದೆ: ದರ ಏರಿದಾಗ ತಿಳಿಸಬೇಕು, ಇಎಂಐ ಏರಿಸಬೇಕೋ ಅವಧಿ ಎಳೆಯಬೇಕೋ ಅಂತ ಕೇಳಬೇಕು, ಮೂರು ತಿಂಗಳಿಗೊಮ್ಮೆ ಎಷ್ಟು ಕಂತು ಬಾಕಿ ಅಂತ ಸ್ಟೇಟ್‌ಮೆಂಟ್ ಕೊಡಬೇಕು. ಬೆಂಗಳೂರಿನ ತಮ್ಮನಿಗೆ ಆದದ್ದು ಆಗಬಾರದು ಅಂತಲೇ ಇದೆಲ್ಲ ಬಂದದ್ದು.

ಟೀಚರ್, ಇನ್ನೊಂದು ಕೇಳಲು ಮರೆಯಬೇಡಿ. ನಿಮ್ಮ 7.75ರಲ್ಲಿ 5.25 ರೆಪೋ, ಉಳಿದ 2.50 ಬ್ಯಾಂಕಿನ ಸ್ಪ್ರೆಡ್. ರೆಪೋ ನಿಮ್ಮ ಕೈಲಿಲ್ಲ, ಸ್ಪ್ರೆಡ್ ಮಾತಾಡಿ ಇಳಿಸಬಹುದು. ಸಿಬಿಲ್ ಸ್ಕೋರ್ (ಹಿಂದಿನ ಸಾಲ ಸರಿಯಾಗಿ ತೀರಿಸಿದ್ದಕ್ಕೆ ಸಿಗುವ ಅಂಕ) ಚೆನ್ನಾಗಿದ್ದರೆ ಗಟ್ಟಿಯಾಗಿ ಕೇಳಿ.

ನಾಪೋಕ್ಲು ಕಡೆಯವಳು

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕಣದ ಕೆಲಸ, ಪರೀಕ್ಷೆ ಕೆಲಸ ಎರಡೂ ಒಟ್ಟಿಗೆ ಬಂತು.

ಫ್ಲೋಟಿಂಗ್‌ಗೆ ಅರ್ಜಿ ಕೊಟ್ಟೆವು. ಸ್ಪ್ರೆಡ್ ವಿಷಯ ತೆಗೆದಾಗ ಮ್ಯಾನೇಜರ್ ನನ್ನ ಮುಖ ನೋಡಿದರು, "ಯಾರು ಹೇಳಿಕೊಟ್ಟರು ಮೇಡಂ?" ಅಂದರು. ಮೇಲಿನವರಿಗೆ ಬರೆದು 2.50 ಇದ್ದದ್ದು 2.40 ಮಾಡಿಸಿದರು. ದರ 7.65 ಆಯಿತು. ಓವರ್‌ಡ್ರಾಫ್ಟ್ ಥರದ್ದು ಆ ಬ್ರ್ಯಾಂಚಿನಲ್ಲಿ ಇಲ್ಲವಂತೆ. ಪಾರ್ಟ್ ಪೇಮೆಂಟ್ ಒಂದು ಇಎಂಐಗಿಂತ ಕಡಿಮೆ ಹಾಕುವಂತಿಲ್ಲ ಅಂದರು. ಹಾಗಾಗಿ ಮಾವನ ಲೆಕ್ಕದ 3,336 ಬೇರೆ ಖಾತೆಯಲ್ಲಿ ಸೇರಿಸಿ, ಮಾರ್ಚಿಯಲ್ಲಿ ಕಾಫಿ ದುಡ್ಡಿನ ಜೊತೆ ಹಾಕುವುದು ಅಂತ ಮಾಡಿದ್ದೇವೆ. ಆ ಪಾಸ್‌ಬುಕ್ ತನ್ನ ಹತ್ತಿರವೇ ಇರಬೇಕು ಅಂತ ಮಾವ ಹೇಳಿದ್ದಾರೆ.

ಈಗ ಹೊಸ ಇಸಿ (ಋಣಭಾರ ಪತ್ರ) ಬೇಕು ಅಂತಿದ್ದಾರೆ, ಹಿಂದಿನ ಮಾಲೀಕರ ಹೆಸರಲ್ಲಿ ಒಂದು ಅಕ್ಷರ ತಪ್ಪಿದೆಯಂತೆ.

ಬೆಟ್ಟದ ಮನೆ

ಇಸಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಹಾಕಿ, ಓಡಾಟ ಬೇಡ. ಅಕ್ಷರ ತಪ್ಪು ಸರಿಮಾಡಲು ಮಾರುವವರೇ ಬರಬೇಕು. ಅವರಿಗೆ ಅಡ್ವಾನ್ಸ್ ಪೂರ್ತಿ ಕೊಟ್ಟುಬಿಟ್ಟಿಲ್ಲ ತಾನೆ?

ನಾಪೋಕ್ಲು ಕಡೆಯವಳು

ಇಲ್ಲ, 2 ಲಕ್ಷ ಮಾತ್ರ. ನಾಳೆ ಫೋನ್ ಮಾಡುತ್ತೇನೆ.